ದೀಪಕ್ಕೆ ಕಾಣದ ಕಸ: ಸಣ್ಣ ಬೈಕಿನ ಇಂಜೆಕ್ಟರ್ ತಪಾಸಣೆ

2020ರ ಏಪ್ರಿಲ್‌ನಲ್ಲಿ ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಯಾದಾಗ 100–125 ಸಿಸಿ ಬೈಕುಗಳಲ್ಲೂ ಹೆಚ್ಚಿನವು ಕಾರ್ಬ್ಯುರೇಟರ್ ಬಿಟ್ಟು, ಪೆಟ್ರೋಲನ್ನು ಸಣ್ಣ ಹನಿಗಳಾಗಿ ಎಂಜಿನ್‌ಗೆ ಸಿಂಪಡಿಸುವ ಇಂಜೆಕ್ಟರ್‌ಗೆ ಬಂದವು. ಕಲಬುರಗಿ ಕಡೆ ಗಾಡಿ ಮಿಸ್ ಹೊಡೆದರೆ ಸಾಕು, ‘ಇಂಜೆಕ್ಟರ್ ಹೋಗ್ಯಾದ್ರಿ’ ಎಂಬ ತೀರ್ಪು ಬಂದುಬಿಡುತ್ತದೆ. ಆದರೆ ಇಂಜೆಕ್ಟರ್ ಮೇಲೆ ಅನುಮಾನ ಪಡಬೇಕಾದದ್ದು ಕೊನೆಗೆ. ಬ್ಯಾಟರಿ, ಟ್ಯಾಂಕಿನೊಳಗಿನ ಪಂಪು, ಕಪ್ಲರ್ (ವೈರ್ ಕೂಡಿಸುವ ಜೋಡಣೆ) ಇವುಗಳ ತಪಾಸಣೆಗೆ ಖರ್ಚೇ ಇಲ್ಲ.

ಮೀಟರಿನಲ್ಲಿ ದೋಷ ತೋರಿಸುವ ಎಂಜಿನ್ ದೀಪವನ್ನು ಪೂರ್ತಿ ನಂಬುವಂತಿಲ್ಲ. ಹಲವು ಹೋಂಡಾ ಗಾಡಿಗಳಲ್ಲಿ ಒಂದು ಉದ್ದ, ಎರಡು ಗಿಡ್ಡ ಮಿನುಗು ಎಂದರೆ ಕೋಡ್ 12. ಕೋಡ್ ಓದುವ ಸ್ಕ್ಯಾನರ್ ಹಚ್ಚಿದರೆ ಪಿ0201. ಎರಡೂ ಹೇಳುವುದು ಇಂಜೆಕ್ಟರಿನ ವಿದ್ಯುತ್ ದಾರಿ ಕೆಟ್ಟಿದೆ ಎಂದಷ್ಟೇ. ಒಳಗಿನ ಕಾಯಿಲ್ (ತಾಮ್ರದ ತಂತಿಯ ಸುರುಳಿ) ಸರಿಯಿದ್ದು ತೂತಿನಲ್ಲಿ ಕಸ ಕೂತಿದ್ದರೆ ಈ ಕೋಡ್ ಬರುವುದೇ ಇಲ್ಲ.

ಮೊದಲು ಕೀ ಆನ್ ಮಾಡಿ ಟ್ಯಾಂಕಿಗೆ ಕಿವಿಗೊಡಿ. ಎರಡು ಮೂರು ಸೆಕೆಂಡು ಪಂಪಿನ ಗುಂಯ್ ಸದ್ದು ಕೇಳಬೇಕು. ಕೇಳದಿದ್ದರೆ ಫ್ಯೂಸ್, ರಿಲೇ, ಪಂಪಿನ ಕಪ್ಲರ್ ನೋಡಿ. ಸದ್ದಿದ್ದ ಮಾತ್ರಕ್ಕೆ ಒತ್ತಡ ಇದೆ ಎಂದಲ್ಲ: ಗೇಜ್ ಕೂಡಿಸಿದರೆ ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ 3 ಬಾರ್ ಹತ್ತಿರ ನಿಲ್ಲಬೇಕು. ಕಡಿಮೆ ಇದ್ದರೆ ಕಸ ಪಂಪಿನ ಜಾಳಿಗೆಯಲ್ಲೇ ಕೂತಿರಬಹುದು. ಹಳ್ಳಿ ಅಂಗಡಿಯ ಬಾಟಲಿ ಪೆಟ್ರೋಲು, ಶಹಾಬಾದಿನ ಕಲ್ಲುಪುಡಿ ಹಾರುವ ರಸ್ತೆ ಬದಿಯಲ್ಲಿ ತೆರೆದ ಟ್ಯಾಂಕ್ ಮುಚ್ಚಳ, ಎರಡೂ ಅಲ್ಲಿಗೆ ಕಸ ಕಳಿಸುತ್ತವೆ. ಗೇಜ್ ಕೂಡಿಸಲು ಪೈಪ್ ಬಿಚ್ಚುವ ಮುಂಚೆ ಪಂಪಿನ ಕಪ್ಲರ್ ಕಿತ್ತು, ಎಂಜಿನ್ ತಾನೇ ನಿಲ್ಲುವ ತನಕ ಓಡಿಸಿ. ಇಲ್ಲದಿದ್ದರೆ ಪೆಟ್ರೋಲು ಬಿಸಿ ಸೈಲೆನ್ಸರ್ ಮೇಲೆ ಚಿಮ್ಮುತ್ತದೆ.

ಇನ್ನು ಇಂಜೆಕ್ಟರಿನ ಕಪ್ಲರ್. ಕೀ ಆನ್ ಇದ್ದಾಗ ಒಂದು ವೈರಿನಲ್ಲಿ ಬ್ಯಾಟರಿ ವೋಲ್ಟೇಜ್ ಇರಬೇಕು. ಇನ್ನೊಂದನ್ನು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕೆಲವೇ ಮಿಲಿಸೆಕೆಂಡು ಬ್ಯಾಟರಿಯ ಮೈನಸ್ ಕಡೆಗೆ (ಅರ್ಥ್) ಕೂಡಿಸಿ ಬಿಡುತ್ತದೆ. ಸೆಲ್ಫ್ ಒತ್ತಿದಾಗ ಬ್ಯಾಟರಿ 10 ವೋಲ್ಟ್‌ಗಿಂತ ಕೆಳಗಿಳಿದರೆ ಇಂಜೆಕ್ಟರಿನ ತೂತು ತೆರೆಯುವ ಸೂಜಿ ತಡವಾಗಿ ಏಳುತ್ತದೆ, ಪೆಟ್ರೋಲು ಸಾಲುವುದಿಲ್ಲ, ಬೈಗುಳ ಮಾತ್ರ ಇಂಜೆಕ್ಟರಿಗೆ. ಆಮೇಲೆ ಕಪ್ಲರ್ ಕಿತ್ತು ಇಂಜೆಕ್ಟರಿನ ಎರಡು ಪಿನ್ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಸಾಮಾನ್ಯವಾಗಿ 11ರಿಂದ 13 ಓಮ್ ಸಿಗುತ್ತದೆ. ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ, ಸೊನ್ನೆ ಹತ್ತಿರ ಬಂದರೆ ಶಾರ್ಟ್.

ಇಲ್ಲಿ ನಮ್ಮ ಬಿಸಿಲು ಲೆಕ್ಕ ಕೆಡಿಸುತ್ತದೆ. ಮ್ಯಾನುಯಲ್‌ನ ಅಳತೆ ಸಾಮಾನ್ಯವಾಗಿ 20 ಡಿಗ್ರಿಯದು. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು ಶೇ 0.4 ಏರುತ್ತದೆ. 20 ಡಿಗ್ರಿಯಲ್ಲಿ 12 ಓಮ್ ಇದ್ದದ್ದು ಮೇ ತಿಂಗಳ 45 ಡಿಗ್ರಿಯಲ್ಲಿ 13.2 ಆಗುತ್ತದೆ, ಬಿಸಿ ಎಂಜಿನ್ ಮೇಲೆ ಇನ್ನೂ ಹೆಚ್ಚು. ಇಷ್ಟಕ್ಕೇ ಹೊಸದು ಖರೀದಿಸಬೇಡಿ. ಆದರೆ ಬಿಸಿಯಾದಾಗ ಮಾತ್ರ ನಿಲ್ಲುವ ಗಾಡಿಯಲ್ಲಿ ಬಿಸಿಯಿದ್ದಾಗಲೇ ಅಳೆಯಬೇಕು: ಕಡಿದ ಎಳೆ ತಣ್ಣಗಾದರೆ ಮತ್ತೆ ಕೂಡಿಕೊಳ್ಳಬಹುದು.

ಇಷ್ಟೆಲ್ಲ ಸರಿಯಿದ್ದರೆ ಇಂಜೆಕ್ಟರ್ ಬಿಚ್ಚಿ. ಪೈಪೂ, ಪಂಪು ಮತ್ತು ಇಂಜೆಕ್ಟರಿನ ಕಪ್ಲರುಗಳೂ ಕೂಡಿಕೊಂಡೇ ಇರಲಿ, ಮ್ಯಾನಿಫೋಲ್ಡಿನ (ಎಂಜಿನ್‌ಗೆ ಗಾಳಿ ಹೋಗುವ ಕೊಳವೆ) ತೂತಿಗೆ ಟೇಪ್ ಹಚ್ಚಿ, ತುದಿಯನ್ನು ಗಾಜಿನ ಬಾಟಲಿಗೆ ಹಿಡಿದು ಸೆಲ್ಫ್ ಒತ್ತಿ. ಕಿಡಿ ಹಾರದಂತೆ ಇಗ್ನಿಷನ್ ಕಾಯಿಲಿನ ಕಪ್ಲರ್ ಮೊದಲೇ ಕಿತ್ತಿರಬೇಕು. ಹತ್ತಿರ ಬೀಡಿ, ಸಿಗರೇಟು ಯಾರೂ ಹಚ್ಚಬಾರದು. ಸಣ್ಣ ಹನಿಗಳು ಹರಡಿ ಬಿದ್ದರೆ ಸರಿ. ನೇರ ಧಾರೆ ಬಿದ್ದರೆ ಅಥವಾ ಒಂದೇ ಕಡೆ ವಾಲಿದರೆ ಕಸ ಇದೆ. ಇಂಜೆಕ್ಟರ್ ಕ್ಲೀನರ್‌ನಿಂದ ತೊಳೆಸಿ. ಗುಂಡುಸೂಜಿ ಹಾಕಿದರೆ ತೂತಿನ ಆಕಾರ ಶಾಶ್ವತವಾಗಿ ಕೆಟ್ಟಂತೆ. ತೊಳೆಯುವಾಗ ಸೂಜಿ ತೆರೆಯಲು 12 ವೋಲ್ಟ್ ನೇರ ಕೊಟ್ಟು ಹಿಡಿದರೆ ಕಾಯಿಲ್ ಸುಡಬಹುದು, ಮುಟ್ಟಿಸಿ ತೆಗೆಯುವುದಷ್ಟೇ. ಮತ್ತೆ ಕೂಡಿಸುವಾಗ ಓ-ರಿಂಗ್ (ಸಂದು ಮುಚ್ಚುವ ರಬ್ಬರ್ ಉಂಗುರ) ಹೊಸದೇ ಇರಲಿ, ಎಂಜಿನ್ ಆಯಿಲ್ ತೆಳ್ಳಗೆ ಸವರಿ. ಹರಿದ ರಿಂಗಿನಿಂದ ಗಾಳಿ ನುಗ್ಗಿದರೆ ಐಡ್ಲಿಂಗ್ ಏರಿಳಿಯುತ್ತದೆ.

ಬಾಟಲಿಗೆ ಹಿಡಿದಾಗ ಕೀ ಆನ್ ಮಾಡಿ ಸೆಲ್ಫ್ ಒತ್ತುವ ಮೊದಲೇ ತುದಿಯಿಂದ ಹನಿ ಬೀಳುತ್ತಿದ್ದರೆ ಅದು ಸೋರಿಕೆ. ಅಂಥ ಗಾಡಿಯಲ್ಲಿ ಪ್ಲಗ್ ಕಪ್ಪಾಗಿರುತ್ತದೆ, ಬಿಸಿ ಎಂಜಿನ್ ಬೇಗ ಚಾಲೂ ಆಗುವುದಿಲ್ಲ. ತೊಳೆದರೂ ನಿಲ್ಲದಿದ್ದರೆ ಇಂಜೆಕ್ಟರ್ ಬದಲಿಸಿ, ಎಂಜಿನ್ ಆಯಿಲನ್ನೂ ಮೂಸಿ ನೋಡಿ: ಪೆಟ್ರೋಲಿನ ವಾಸನೆ ಬಂದರೆ ಅದನ್ನೂ ಬದಲಿಸಿದ ಮೇಲೆಯೇ ಗಾಡಿ ಓಡಿಸಿ.