ಒಂದು ಕಡೆ ಕಡಿದರೂ ಉಳಿಯುವ ಜಾಲ

ರಸ್ತೆ ಅಗಲಿಸುವ ಜೆಸಿಬಿಯ ಹಲ್ಲಿಗೆ ನೆಲದಡಿಯ ಆಪ್ಟಿಕಲ್ ಫೈಬರ್ ಸಿಕ್ಕಿತೆಂದರೆ, ಅಲ್ಲಿಂದ ಹತ್ತಾರು ಕಿಲೋಮೀಟರ್ ಆಚೆಯ ಪಂಚಾಯಿತಿ ಕಚೇರಿಯಲ್ಲಿ ಇ-ಸ್ವತ್ತಿನ ನಮೂನೆಗಾಗಿ ಕಾದು ಕುಳಿತವರಿಗೆ ‘ನೆಟ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರ ಸಿಗುತ್ತದೆ. ಫೈಬರ್ ಕಡಿಯುವುದನ್ನು ಪೂರ್ತಿಯಾಗಿ ತಡೆಯಲಾಗದು. ಆದರೆ ಒಂದು ಕಡೆ ಕಡಿದ ಮಾತ್ರಕ್ಕೆ ಇಡೀ ಊರಿನ ಸಂಪರ್ಕ ಹೋಗುತ್ತದೆಯೇ ಎಂಬುದು ಜಾಲವನ್ನು ನಕ್ಷೆಯಲ್ಲಿ ಎಳೆಯುವಾಗಲೇ ತೀರ್ಮಾನವಾಗಿರುತ್ತದೆ.

ಜಾಲ ವಿನ್ಯಾಸದ ಗಣಿತ ಶುರುವಾದದ್ದು ಉಳಿತಾಯದ ಪ್ರಶ್ನೆಯಿಂದ. ಇಂದಿನ ಚೆಕ್ ಗಣರಾಜ್ಯದ ಮೊರಾವಿಯಾ ಪ್ರಾಂತ್ಯದ ಊರುಗಳಿಗೆ ಅತಿ ಕಡಿಮೆ ತಂತಿಯಲ್ಲಿ ವಿದ್ಯುತ್ ತಲುಪಿಸುವುದು ಹೇಗೆಂಬ ಪ್ರಶ್ನೆಗೆ ಬ್ರನೊ ನಗರದ ಗಣಿತಜ್ಞ ಒಟಾಕರ್ ಬೊರೂವ್ಕಾ 1926ರಲ್ಲಿ ಉತ್ತರ ಪ್ರಕಟಿಸಿದರು. ಪ್ರತಿ ಊರೂ ತನಗೆ ಅತಿ ಹತ್ತಿರದ ಊರಿನೊಡನೆ ಸೇರಲಿ. ಹಾಗೆ ಸೇರಿದ ಗುಂಪುಗಳು ಮತ್ತೆ ತಮಗೆ ಅತಿ ಹತ್ತಿರದ ಗುಂಪಿನೊಡನೆ ಸೇರಲಿ. ಎಲ್ಲವೂ ಒಂದೇ ಗುಂಪಾಗುವವರೆಗೆ ಇದು ನಡೆಯಲಿ. ಆಗ ಸಿಗುವ ಕವಲುಗಳ ಮರಕ್ಕಿಂತ ಅಗ್ಗದ ಜಾಲ ಇನ್ನೊಂದಿಲ್ಲ. ಅಮೆರಿಕದಲ್ಲಿ 1956ರಲ್ಲಿ ಕ್ರುಸ್ಕಲ್, 1957ರಲ್ಲಿ ಬೆಲ್ ಪ್ರಯೋಗಾಲಯದ ಪ್ರಿಮ್ ಇದೇ ಜಾತಿಯ ವಿಧಾನಗಳನ್ನು ಕೊಟ್ಟರು.

ಆದರೆ ಮರದಲ್ಲಿ ಯಾವ ಕೊಂಬೆ ಕಡಿದರೂ ಅದರಾಚೆಯ ಭಾಗ ಬೇರೆಯಾಗುತ್ತದೆ. ಹತ್ತು ಕಿಲೋಮೀಟರ್ ಬದಿಯ ಚೌಕದ ನಾಲ್ಕು ಮೂಲೆಗಳಲ್ಲಿ ನಾಲ್ಕು ಊರುಗಳಿದ್ದು, ನೇರವಾಗಿ ಊರಿಂದೂರಿಗೆ ತಂತಿ ಎಳೆಯುವುದಾದರೆ, ಮರಕ್ಕೆ 30 ಕಿಲೋಮೀಟರ್ ಸಾಕು. ಇನ್ನೂ 10 ಕಿಲೋಮೀಟರ್ ಎಳೆದು ಉಂಗುರ ಮಾಡಿದರೆ ಯಾವುದೇ ಒಂದು ಕಡೆ ಕಡಿದರೂ ಮಾತು ಇನ್ನೊಂದು ಸುತ್ತಿನಿಂದ ತಲುಪುತ್ತದೆ. ಒಂದೇ ದಾರಿಯನ್ನು ನಂಬಿದರೆ ಏನಾದೀತೆಂಬುದನ್ನು 1988ರ ಮೇ 8ರಂದು ಷಿಕಾಗೊ ಬಳಿಯ ಹಿನ್ಸ್‌ಡೇಲ್‌ನಲ್ಲಿ ಜನ ಕಂಡರು: ಒಂದು ಟೆಲಿಫೋನ್ ಕೇಂದ್ರಕ್ಕೆ ಬೆಂಕಿ ಬಿದ್ದು ಸುಮಾರು 35,000 ಸ್ಥಳೀಯ ಚಂದಾದಾರರ ಫೋನುಗಳು ಸತ್ತವು, ದುರಸ್ತಿಗೆ ವಾರಗಳೇ ಹಿಡಿದವು.

ನಾಲ್ಕು ಊರಿಗೆ ಕಣ್ಣಳತೆಯಲ್ಲೇ ಹೊಳೆಯುವ ಉತ್ತರ ನೂರು ಊರಿಗೆ ಹೊಳೆಯುವುದಿಲ್ಲ. ಮಾರ್ಗಗಳು ಕೆಲವು ಊರುಗಳ ನಡುವೆ ಮಾತ್ರ ಸಾಧ್ಯವಿದ್ದು, ಎಲ್ಲಕ್ಕೂ ಒಂದೇ ಖರ್ಚು ಎಂದಿಟ್ಟುಕೊಳ್ಳಿ. ಒಂದು ಕಡಿತವನ್ನು ತಾಳುವ ಜಾಲಕ್ಕೆ ನೂರೇ ಮಾರ್ಗ ಸಾಕೇ ಎಂದು ಕೇಳಿದರೆ, ಪ್ರತಿ ಊರಿಗೂ ಒಮ್ಮೆ ಮಾತ್ರ ಹೋಗಿ ಹೊರಟಲ್ಲಿಗೇ ಮರಳಬಹುದೇ ಎಂದು ಕೇಳಿದಂತೆಯೇ ಆಗುತ್ತದೆ. ಎಲ್ಲ ಸಂದರ್ಭಕ್ಕೂ ಇದನ್ನು ಬೇಗ ಬಿಡಿಸುವ ಅಲ್ಗಾರಿದಂ, ಅಂದರೆ ಹಂತಹಂತದ ಲೆಕ್ಕದ ವಿಧಾನ, ಈವರೆಗೆ ಯಾರಿಗೂ ಸಿಕ್ಕಿಲ್ಲ.

ಹಾಗಾದರೆ ಅತ್ಯುತ್ತಮವನ್ನು ಬಿಟ್ಟು, ಅದರಿಂದ ಎಷ್ಟು ದೂರ ಸರಿಯುತ್ತೇವೆಂಬುದಕ್ಕೆ ಖಾತರಿ ಪಡೆಯಬಹುದೇ? 1998ರಲ್ಲಿ ಗಣಕವಿಜ್ಞಾನಿ ಕಮಲ್ ಜೈನ್ ಕೊಟ್ಟ ಉತ್ತರ, ನನ್ನ ಮಟ್ಟಿಗೆ, ಈ ಕ್ಷೇತ್ರದ ಅತಿ ಚೆಲುವಾದ ವಾದಗಳಲ್ಲೊಂದು. ಯಾವ ಎರಡು ಊರುಗಳ ನಡುವೆ ಪರಸ್ಪರ ತಂತಿ ಹಂಚಿಕೊಳ್ಳದ ಎಷ್ಟು ದಾರಿಗಳು ಬೇಕೆಂದು ಮೊದಲು ಹೇಳಬೇಕು. ಬಳಿಕ ಮಾರ್ಗಗಳನ್ನು ಅರ್ಧ, ಕಾಲು ಎಂದು ಭಾಗವಾಗಿಯೂ ಕೊಳ್ಳಬಹುದೆಂದು ಭಾವಿಸಿ ಲೆಕ್ಕ ಮಾಡಬೇಕು. ಈ ಸಡಿಲ ಲೆಕ್ಕ ಕಂಪ್ಯೂಟರಿಗೆ ಸುಲಭ, ಅದರ ಮೊತ್ತವೂ ನಿಜವಾದ ಅತ್ಯುತ್ತಮ ಜಾಲದ ಖರ್ಚನ್ನು ಎಂದೂ ಮೀರುವುದಿಲ್ಲ. ಆ ಲೆಕ್ಕದ ಉತ್ತರವನ್ನು ಮೂಲೆಬಿಂದುವಿನಲ್ಲಿ, ಅಂದರೆ ಬೇರೆ ಎರಡು ಉತ್ತರಗಳ ಸರಾಸರಿಯಾಗಿ ಪಡೆಯಲಾಗದಂತೆ, ಆರಿಸಿಕೊಂಡರೆ ಅದರಲ್ಲಿ ಕನಿಷ್ಠ ಒಂದು ಮಾರ್ಗವಾದರೂ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲು ಪಡೆದಿರಲೇಬೇಕೆಂದು ಜೈನ್ ಸಾಧಿಸಿದರು. ಅದನ್ನು ಪೂರ್ತಿಯಾಗಿ ಕೊಂಡರೆ ಲೆಕ್ಕದಲ್ಲಿದ್ದುದರ ಎರಡು ಪಟ್ಟಿಗಿಂತ ಹೆಚ್ಚು ತೆತ್ತಂತಾಗುವುದಿಲ್ಲ. ಉಳಿದ ಬೇಡಿಕೆಗೆ ಮತ್ತೆ ಸಡಿಲ ಲೆಕ್ಕ, ಮತ್ತೆ ಒಂದು ಅರ್ಧದ ಮಾರ್ಗ. ಹೀಗೆ ಮುಗಿದ ಜಾಲದ ಖರ್ಚು, ಎಂಥ ಕೆಟ್ಟ ಸಂದರ್ಭದಲ್ಲೂ, ಅತ್ಯುತ್ತಮದ ಎರಡು ಪಟ್ಟನ್ನು ದಾಟುವುದಿಲ್ಲ. ಆದರೆ ಈ ಖಾತರಿ ತಂತಿ ಕಡಿಯುವುದಕ್ಕೆ ಮಾತ್ರ. ಹಿನ್ಸ್‌ಡೇಲ್‌ನಂತೆ ಕೇಂದ್ರವೇ ಸುಟ್ಟುಹೋಗುವ ಸಾಧ್ಯತೆಯನ್ನು ಸೇರಿಸಿದರೆ ಪ್ರಶ್ನೆ ಇನ್ನೂ ಕಠಿಣವಾಗುತ್ತದೆ.

ನಮ್ಮ ಭಾರತ್‌ನೆಟ್ ಕೂಡ ಮರದಿಂದ ಉಂಗುರಕ್ಕೆ ಹೊರಳಿದೆ. 2011ರಲ್ಲಿ ಬೇರೆ ಹೆಸರಿನಲ್ಲಿ ಶುರುವಾದ ಈ ಯೋಜನೆ ಮೊದಲ ಹಂತದಲ್ಲಿ ಪಂಚಾಯಿತಿಗಳಿಗೆ ಕವಲುಗಳಂತೆ ಫೈಬರ್ ಎಳೆದಿತ್ತು. 2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪರಿಷ್ಕೃತ ರೂಪ ಉಂಗುರದ ವಿನ್ಯಾಸವನ್ನು ಹೇಳುತ್ತದೆ. ಉಂಗುರ ನಕ್ಷೆಯಲ್ಲಿದ್ದರೆ ಸಾಲದು. ಎರಡು ದಿಕ್ಕಿನ ಫೈಬರ್‌ಗಳೂ ಹಳ್ಳ ದಾಟುವಲ್ಲಿ ಒಂದೇ ಸೇತುವೆಯ ಪಕ್ಕದ ಒಂದೇ ಕಾಲುವೆಯಲ್ಲಿ ಮಲಗಿದ್ದರೆ ಜೆಸಿಬಿಗೆ ಅವೆರಡೂ ಒಂದೇ. ಅಲ್ಲಿರುವುದು ಒಂದೇ ಮಾರ್ಗವೆಂದು ಅಲ್ಗಾರಿದಂಗೆ ಮೊದಲೇ ತಿಳಿಸಬೇಕಾದವರು ಆ ಹಳ್ಳದ ದಂಡೆಯಲ್ಲಿ ನಿಂತು ಅಳತೆ ಹಿಡಿದವರು.