ಒಂಬತ್ತು ಮೀಟರ್ ಎತ್ತರವೂ ಬಗ್ಗದ ನೆಲವೂ

ಕೋಲಾರದ ನಮ್ಮ ಓದುಗುಂಪಿನಲ್ಲಿ ಕಳೆದ ವಾರ ಒಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು. "ವಿಕಿರಣಶೀಲ ವಸ್ತು ಸಾಗಿಸುವ ಪೆಟ್ಟಿಗೆಯನ್ನು ಬರೀ 9 ಮೀಟರ್ ಮೇಲಿಂದ ಬೀಳಿಸಿ ನೋಡುತ್ತಾರೆ. ಹೆದ್ದಾರಿಯಲ್ಲಿ ಲಾರಿಗಳು 80 ಕಿ.ಮೀ. ವೇಗದಲ್ಲಿ ಓಡುತ್ತವಲ್ಲ, ಇದು ಸಾಕೇ?"

ಲೆಕ್ಕ ಹಾಕಿದರೆ ಅನುಮಾನ ಸಹಜವೇ. 2 × 9.8 (ಗುರುತ್ವ ವೇಗೋತ್ಕರ್ಷ) × 9 (ಎತ್ತರ), ಅದರ ವರ್ಗಮೂಲ ಸೆಕೆಂಡಿಗೆ ಸುಮಾರು 13.3 ಮೀಟರ್. ಅಂದರೆ ನೆಲ ಮುಟ್ಟುವಾಗ ವೇಗ ಗಂಟೆಗೆ 48 ಕಿ.ಮೀ. ಮಾತ್ರ. ಆದರೆ ಉತ್ತರ ಎತ್ತರದಲ್ಲಿಲ್ಲ, ನೆಲದಲ್ಲಿದೆ.

ಡೈರಿ ಮುಂದೆ ಟೆಂಪೋದಿಂದ ಹಾಲಿನ ಕ್ಯಾನ್ ಜಾರಿ ಬೀಳುವುದನ್ನು ನೋಡಿದ್ದೀರಲ್ಲ? ಹದವಾದ ಮಣ್ಣಿಗೆ ಬಿದ್ದರೆ ಮಣ್ಣಿನಲ್ಲಿ ಗುಳಿ, ಕ್ಯಾನ್‌ಗೆ ಏನೂ ಆಗದು. ಅದೇ ಎತ್ತರದಿಂದ ಚಪ್ಪಡಿ ಕಲ್ಲಿಗೆ ಬಿದ್ದರೆ ಕಂಠವೇ ಸೊಟ್ಟಗಾಗಿ ಮುಚ್ಚಳ ಕೂರುವುದಿಲ್ಲ. ಬಿದ್ದ ಶಕ್ತಿಯನ್ನು ಯಾರಾದರೂ ನುಂಗಲೇಬೇಕು. ಕಲ್ಲು ನುಂಗದಿದ್ದರೆ ಕ್ಯಾನ್ ನುಂಗಬೇಕು. ಪರೀಕ್ಷೆಯ ನೆಲವನ್ನು ಭಾರಿ ಕಾಂಕ್ರೀಟ್ ದಿಮ್ಮಿಯ ಮೇಲೆ ದಪ್ಪ ಉಕ್ಕಿನ ತಟ್ಟೆ ಕೂರಿಸಿ ಕಟ್ಟುವುದು ಇದಕ್ಕಾಗಿಯೇ. ನಿಜವಾದ ಅಪಘಾತದಲ್ಲಿ ಲಾರಿ, ತಡೆಗೋಡೆ, ಮಣ್ಣು ಎಲ್ಲವೂ ನಜ್ಜುಗುಜ್ಜಾಗಿ ಹೊಡೆತವನ್ನು ಹಂಚಿಕೊಳ್ಳುತ್ತವೆ. ಇಲ್ಲಿ ಪೂರ್ತಿ ಹೊಡೆತ ಪೆಟ್ಟಿಗೆಗೇ. ಅದೂ ಅತಿ ಹೆಚ್ಚು ಹಾನಿಯಾಗುವ ಕೋನದಲ್ಲೇ ಬೀಳಿಸಬೇಕು.

1984ರ ಜುಲೈನಲ್ಲಿ ಬ್ರಿಟನ್ನಿನ ಓಲ್ಡ್ ಡಾಲ್ಬಿ ಎಂಬಲ್ಲಿ, ಅಣುಸ್ಥಾವರದಲ್ಲಿ ಬಳಸಿದ ಇಂಧನ ಸಾಗಿಸುವ ಪೆಟ್ಟಿಗೆಯೊಂದಕ್ಕೆ ಗಂಟೆಗೆ ಸುಮಾರು 160 ಕಿ.ಮೀ. ವೇಗದ ರೈಲನ್ನೇ ಗುದ್ದಿಸಿದರು. ಎಂಜಿನ್ ಛಿದ್ರವಾಯಿತು, ಪೆಟ್ಟಿಗೆಯೊಳಗಿನ ಒತ್ತಡ ಇಳಿದದ್ದು ಅತ್ಯಲ್ಪ, ಅಂದರೆ ಅದು ಬಿರಿಯಲಿಲ್ಲ.

ಇದರ ಬಗ್ಗೆ ಉತ್ತರ ಬರೆಯುವಾಗ ನಾವು ಹೆಚ್ಚಾಗಿ ತಪ್ಪುವುದು ಈ ಪೆಟ್ಟಿಗೆ ಪರೀಕ್ಷೆಗಳ ಕ್ರಮದಲ್ಲಿ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ನಿಯಮದಂತೆ 'ಟೈಪ್ ಬಿ' (ಹೆಚ್ಚು ವಿಕಿರಣಶೀಲ ವಸ್ತು ಸಾಗಿಸುವ) ಪೆಟ್ಟಿಗೆಯನ್ನು 9 ಮೀಟರಿನಿಂದ ಬೀಳಿಸುವುದರ ಜೊತೆಗೆ, 1 ಮೀಟರ್ ಎತ್ತರದಿಂದ 15 ಸೆಂ.ಮೀ. ವ್ಯಾಸದ ಉಕ್ಕಿನ ಗೂಟದ ಮೇಲೂ ಬೀಳಿಸುತ್ತಾರೆ. ಹೀಗೆ ಜಖಂಗೊಂಡ ಅದೇ ಪೆಟ್ಟಿಗೆಯನ್ನು 800 ಡಿಗ್ರಿ ಸೆಲ್ಸಿಯಸ್ ಬೆಂಕಿಯಲ್ಲಿ 30 ನಿಮಿಷ ಇಡಬೇಕು. ಹೊಸ ಪೆಟ್ಟಿಗೆಯನ್ನು ಸುಟ್ಟರೆ ಲೆಕ್ಕಕ್ಕಿಲ್ಲ, ಏಕೆಂದರೆ ಗೂಟ ಹರಿದ ಜಾಗದಿಂದಲೇ ಶಾಖ ಒಳನುಗ್ಗುತ್ತದೆ. ನೀರಿನ ಪರೀಕ್ಷೆ (15 ಮೀಟರ್ ಆಳ, 8 ಗಂಟೆ) ಬೇರೊಂದು ಮಾದರಿಯ ಮೇಲೆ ನಡೆಯಬಹುದು.

ಬೆಂಕಿ ಆರಿದ ಮೇಲೆ ನೀರು ಸುರಿದು ತಣಿಸುವಂತಿಲ್ಲ. ಒಲೆ ಆರಿಸಿದ ಮೇಲೂ ದಪ್ಪ ತಳದ ಪಾತ್ರೆಯಲ್ಲಿ ಮುದ್ದೆಯ ಹಿಟ್ಟು ಕೊತಕೊತ ಎನ್ನುವಂತೆ, ದಪ್ಪ ಗೋಡೆಯ ಶಾಖ ಒಳಕ್ಕೆ ಸಾಗುತ್ತಲೇ ಇರುತ್ತದೆ. ಒಳಭಾಗದ ಗರಿಷ್ಠ ತಾಪ ಬರುವುದು ಎಷ್ಟೋ ಸಲ ಬೆಂಕಿ ಆರಿದ ನಂತರವೇ.

ಆಗ ಮೊದಲು ಸೋಲುವ ಅಪಾಯವಿರುವುದು ಉಕ್ಕಿಗಲ್ಲ, ಮುಚ್ಚಳದ ಸೀಲಿಗೆ. ಅಮ್ಮ ಬದಲಾಯಿಸಿದ ಹಳೆಯ ಕುಕ್ಕರ್ ಗ್ಯಾಸ್ಕೆಟ್ ಈಗ ನನ್ನ ಮೇಜಿನ ಮೇಲಿದೆ. ಉಗುರು ಒತ್ತಿದರೆ ಗುರುತು ಬೀಳುವುದಿಲ್ಲ. ಬಗ್ಗಿಸಿದರೆ ಹೊರಮೈಯಲ್ಲಿ ಕೂದಲೆಳೆಯ ಬಿರುಕುಗಳು ಬಾಯಿಬಿಡುತ್ತವೆ. ಪೆಟ್ಟಿಗೆಯ ಸೀಲಿನಲ್ಲಿ ಇಂಥ ಬಿರುಕನ್ನು ಕಣ್ಣಿನಿಂದ ಹುಡುಕುವುದಿಲ್ಲ. ಒಳಗೆ ಹೀಲಿಯಂ ತುಂಬಿ, ಹೊರಗೆ ಅದರ ಸುಳಿವು ಸಿಗುತ್ತದೆಯೇ ಎಂದು ಉಪಕರಣದಿಂದ ಅಳೆಯುತ್ತಾರೆ.