ತಳಿವರ್ಧನೆ ಎಂದರೇನು? ಅಲಸಂಡೆಯನ್ನು ಮುಂದಿಟ್ಟುಕೊಂಡು

ಮಂಗಳೂರಿನ ಮಾರುಕಟ್ಟೆಯಲ್ಲಿ ಅಲಸಂಡೆ ಕೇಳಿದರೆ ಮೊಳದುದ್ದದ ಎಳೆ ಕೋಡುಗಳ ಕಟ್ಟು ಕೈಗೆ ಬರುತ್ತದೆ. ತುಳುವಿನಲ್ಲಿ ಅದು ಲತ್ತಂಡೆ. ಘಟ್ಟದ ಮೇಲೆ ಅಲಸಂದೆ ಎಂದರೆ ಅಳೆದು ಕೊಡುವ ಕಾಳು. ಗಿಡದ ಜಾತಿ ಒಂದೇ, ವಿಗ್ನಾ ಅಂಗ್ವಿಕ್ಯುಲೇಟಾ. ನಮ್ಮ ಉದ್ದ ಕೋಡಿನದು ಅದರ ಉಪಜಾತಿ. ‘ಸೆಸ್ಕ್ವಿಪೆಡಾಲಿಸ್’ ಎಂಬ ಅದರ ಲ್ಯಾಟಿನ್ ಹೆಸರಿಗೆ ‘ಒಂದೂವರೆ ಅಡಿಯದು’ ಎಂದರ್ಥ. ಈ ವ್ಯತ್ಯಾಸ ತಿಳಿಯದೆ ‘ಹೆಚ್ಚು ಪ್ರೋಟೀನ್ ಇರುವ ತಳಿ’ ಎಂಬ ಮಾತು ಕೇಳಿದರೆ ಮೋಸ ಹೋಗುತ್ತೇವೆ. ನೂರು ಗ್ರಾಂ ಎಳೆ ಕೋಡಿನಲ್ಲಿ ಪ್ರೋಟೀನ್ ಸುಮಾರು 3 ಗ್ರಾಂ, ಉಳಿದದ್ದು ಬಹುಪಾಲು ನೀರು. ಒಣ ಕಾಳಿನಲ್ಲಿ ಅದು ಸುಮಾರು 24 ಗ್ರಾಂ. ಪ್ರೋಟೀನ್ ಹೆಚ್ಚಿಸುವ ಪ್ರಯತ್ನ ಹೆಚ್ಚಾಗಿ ನಡೆಯುವುದು ಗಸಿಗೆ ಬೀಳುವ ಕಾಳಿನ ಮೇಲೆ. ಪಲ್ಯದ ಕೋಡಿಗೆ ಅದರಿಂದ ದೊಡ್ಡ ಲಾಭವಿಲ್ಲ.

ಇನ್ನು ತಳಿವರ್ಧನೆ ಎಂಬ ಪದಕ್ಕೆ ಬರೋಣ. ಗೊಬ್ಬರ, ನೀರು ಹೆಚ್ಚು ಕೊಟ್ಟು ಬೆಳೆ ಹೆಚ್ಚಿಸಿದರೆ ಅದು ಬೇಸಾಯದ ಜಾಣತನ. ಅದೇ ಗದ್ದೆಯಲ್ಲಿ, ಅದೇ ಗೊಬ್ಬರಕ್ಕೆ ಹೆಚ್ಚು ಬೆಳೆ ಕೊಡುವ ಬೀಜವನ್ನೇ ರೂಪಿಸಿದರೆ ಅದು ತಳಿವರ್ಧನೆ. ಅದರ ಅತಿ ಹಳೆಯ ರೂಪ ಆಯ್ಕೆ. ಚಪ್ಪರದ ಮೇಲಿನ ಒಳ್ಳೆಯ ಕೋಡಿಗೆ ನೂಲು ಕಟ್ಟಿ, ‘ಇದು ಬೀಜಕ್ಕೆ, ಯಾರೂ ಕೊಯ್ಯಬೇಡಿ’ ಎಂದು ಮನೆಮಂದಿಯನ್ನು ಗದರಿಸುತ್ತಿದ್ದ ಅಜ್ಜಿ ಮಾಡುತ್ತಿದ್ದದ್ದು ಇದನ್ನೇ. ಉಡುಪಿಯ ಮಟ್ಟುಗುಳ್ಳ ಬದನೆಗೆ 2011ರಲ್ಲಿ ಭೌಗೋಳಿಕ ಮಾನ್ಯತೆ (ಜಿಐ) ಸಿಕ್ಕಿತಲ್ಲ, ಅದರ ಹಿಂದೆಯೂ ತಲೆಮಾರುಗಟ್ಟಲೆ ಬೀಜ ಎತ್ತಿಟ್ಟ ಕೈಗಳಿವೆ.

ಎರಡನೆಯ ರೂಪ ಸಂಕರಣ. ಒಂದು ತಳಿಯಲ್ಲಿ ಇಳುವರಿ ಇದೆ, ಇನ್ನೊಂದರಲ್ಲಿ ಪ್ರೋಟೀನ್ ಇದೆ ಎಂದಾದರೆ ಎರಡನ್ನೂ ಕೂಡಿಸಬೇಕು. ಆದರೆ ಅಲಸಂಡೆ ಸಂಕೋಚದ ಗಿಡ: ಮುಂಜಾನೆ ಹೂ ಅರಳುವ ಮೊದಲೇ ಅದರ ಪರಾಗ ಅದರದೇ ಶಲಾಕಾಗ್ರದ (ಹೂವಿನ ಹೆಣ್ಣುಭಾಗದ ತುದಿಯ) ಮೇಲೆ ಬಿದ್ದಿರುತ್ತದೆ. ಆದ್ದರಿಂದ ಹಿಂದಿನ ಸಂಜೆಯೇ ಮೊಗ್ಗು ಬಿಡಿಸಿ, ಪರಾಗ ಕೊಡುವ ಹತ್ತು ಕೇಸರಗಳನ್ನೂ ಚಿಮಟದಿಂದ ತೆಗೆದು, ಮರುದಿನ ಬೆಳಗ್ಗೆ ಬೇರೆ ತಳಿಯ ಪರಾಗ ಸವರುತ್ತಾರೆ. ಇಷ್ಟು ಮಾಡಿದ ಮೇಲೂ ಹೆಚ್ಚಿನ ಹೂಗಳು ಉದುರುತ್ತವೆ. ಕೂಡಿದ ಬೀಜದ ಮೊದಲ ತಲೆಮಾರು ಒಂದೇ ತೆರನಾಗಿರುತ್ತದೆ; ಎರಡನೆಯದರಲ್ಲಿ ಗುಣಗಳು ಚೆದುರಿ ನೂರು ಗಿಡ ನೂರು ಬಗೆಯಾಗುತ್ತವೆ. ಆಯ್ಕೆಯ ಕಣ್ಣು ಬೇಕಾಗುವುದು ಆಗಲೇ. ಅಲ್ಲಿಂದ ಆರೇಳು ತಲೆಮಾರು ಆರಿಸುತ್ತ ಬಂದರೆ ಗುಣ ನೆಲೆಯಾಗುತ್ತದೆ.

ಹೊಸ ಬೀಜ ಕಂಡಾಗಲೆಲ್ಲ ‘ಹೈಬ್ರಿಡ್’ ಎನ್ನುವುದು ನಮ್ಮಲ್ಲಿ ರೂಢಿ. ಹೈಬ್ರಿಡ್ ಎಂದರೆ ಕೂಡಿಸಿದ ಮೊದಲ ತಲೆಮಾರಿನ ಬೀಜ. ಅಲಸಂಡೆಯ ಮಟ್ಟಿಗೆ ಆ ಮಾತು ಸಲ್ಲದು. ಕೈಯಿಂದ ಹೂಹೂವನ್ನೂ ಕೂಡಿಸಿ ಹೈಬ್ರಿಡ್ ಬೀಜ ಮಾಡಿ ಮಾರುವುದು ಗಿಟ್ಟುವುದಿಲ್ಲ. ನೆಲೆಗೊಂಡ ತಳಿಯ ಬೀಜವನ್ನು ಮನೆಯಲ್ಲೇ ಎತ್ತಿಟ್ಟು ಮರುವರ್ಷ ಬಿತ್ತಿದರೂ ಗುಣ ಕೆಡುವುದಿಲ್ಲ.

ನಿಜವಾದ ತೊಡಕು ಬೇರೆಡೆ ಇದೆ. ಇಳುವರಿ ಏರಿದರೆ ಪ್ರೋಟೀನಿನ ಪ್ರಮಾಣ ಸಾಮಾನ್ಯವಾಗಿ ಇಳಿಯುತ್ತದೆ. ಗಿಡಕ್ಕೆ ಪ್ರೋಟೀನ್ ದುಬಾರಿ ಸರಕು: ಒಂದು ಗ್ರಾಂ ಸಕ್ಕರೆಯಿಂದ ಸುಮಾರು 0.8 ಗ್ರಾಂ ಪಿಷ್ಟ ಮಾಡಬಹುದು, ಪ್ರೋಟೀನ್ ಆದರೆ ಹೆಚ್ಚೂಕಡಿಮೆ 0.4 ಗ್ರಾಂ ಮಾತ್ರ. ಮೇಲಿಂದ ಸಾರಜನಕವೂ ಬೇಕು. ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಅದನ್ನು ಗಾಳಿಯಿಂದ ಹಿಡಿದು ಕೊಡುತ್ತದೆ ನಿಜ. ಆದರೆ ಕಾಳು ತುಂಬುವ ಹೊತ್ತಿಗೆ ಅದು ಸಾಲದೆ ಗಿಡ ತನ್ನ ಎಲೆಗಳ ಸಾರಜನಕವನ್ನೇ ಕಾಳಿಗೆ ಸಾಗಿಸುತ್ತದೆ. ಎಲೆ ಹಳದಿಯಾದರೆ ಸಕ್ಕರೆ ತಯಾರಿಯೂ ಕುಗ್ಗುತ್ತದೆ.

ಹಾಗಾದರೆ ಯಾವುದನ್ನು ಬಿಡಬೇಕು? ಲೆಕ್ಕಕ್ಕೆ ಹೀಗೆ ಹಿಡಿಯಿರಿ: ಎಕರೆಗೆ 400 ಕಿಲೋ ಕೊಡುವ ತಳಿಯಲ್ಲಿ ಶೇ 26 ಪ್ರೋಟೀನ್ ಇದ್ದರೆ ಒಟ್ಟು 104 ಕಿಲೋ ಪ್ರೋಟೀನ್; 500 ಕಿಲೋ ಕೊಡುವ ತಳಿಯಲ್ಲಿ ಶೇ 24 ಇದ್ದರೆ 120 ಕಿಲೋ. ಶೇಕಡಾವಾರು ಸೋತ ತಳಿ ಗದ್ದೆಯಲ್ಲಿ ಗೆದ್ದಿತು. ಬೀಜದ ಜಾಹೀರಾತಿನಲ್ಲಿ ಶೇಕಡಾವಾರು ಒಂದನ್ನೇ ದಪ್ಪಕ್ಷರದಲ್ಲಿ ಹಾಕಿದ್ದರೆ ನಾನು ಮೊದಲು ಇಳುವರಿ ಕೇಳುತ್ತೇನೆ. ಜೊತೆಗೆ ಒಂದೇ ತಳಿಯ ಪ್ರೋಟೀನ್ ಮಣ್ಣು, ಮಳೆ ಬದಲಾದಂತೆ ಬದಲಾಗುತ್ತದೆ. ಅದಕ್ಕೇ ಹಲವು ಊರುಗಳಲ್ಲಿ ಹಲವು ವರ್ಷ ಬೆಳೆದು ನೋಡದೆ ತಳಿಯನ್ನು ಬಿಡುಗಡೆ ಮಾಡುವುದಿಲ್ಲ. ಹೊಸ ಗುಣ ಹುಡುಕುವವರಿಗೆ ನೈಜೀರಿಯಾದ ಇಬಾದಾನಿನ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆಯ ಬೀಜಭಂಡಾರ ದೊಡ್ಡ ಆಸರೆ. ಅಲ್ಲಿ 15,000ಕ್ಕೂ ಹೆಚ್ಚು ಅಲಸಂಡೆ ಮಾದರಿಗಳಿವೆ.

ಕುಚ್ಚಲಕ್ಕಿ ಉಣ್ಣುವ ನಮ್ಮ ಕರಾವಳಿಗೆ ಈ ಕಾಳು ಒಳ್ಳೆಯ ಜೋಡಿ. ಪ್ರೋಟೀನ್ ಕಟ್ಟುವ ಘಟಕಗಳಲ್ಲಿ, ಅಕ್ಕಿಯಲ್ಲಿ ಕಡಿಮೆ ಇರುವ ಲೈಸೀನ್ ಕಾಳಿನಲ್ಲಿ ಧಾರಾಳ. ಕಾಳಿನಲ್ಲಿ ಕೊರತೆಯಿರುವ ಮೆಥಿಯೊನೀನ್ ಅಕ್ಕಿಯಿಂದ ಸಿಗುತ್ತದೆ. ಭತ್ತ ಕೊಯ್ದ ಗದ್ದೆಯ ಉಳಿದ ಪಸೆಯಲ್ಲೇ ಇದನ್ನು ಬೆಳೆಯಬಹುದು. ಆದರೆ ಆ ಪಸೆ ಆರುವ ಮುನ್ನ ಕಾಳು ಬಲಿಯಬೇಕು. ಇಲ್ಲಿಗೆ ಹೊಂದುವ ತಳಿಯನ್ನು ಅಳೆಯುವಾಗ ಇಳುವರಿ, ಪ್ರೋಟೀನ್ ಜೊತೆಗೆ ದಿನಗಳನ್ನೂ ಎಣಿಸಬೇಕಾಗುತ್ತದೆ. ಬೀಜದ ಅಂಗಡಿಯಲ್ಲಂತೂ ‘ಕೋಡಿಗೋ ಕಾಳಿಗೋ’ ಎಂದು ಕೇಳಿಯೇ ಕೊಳ್ಳಿ: ಅರ್ಕಾ ಮಂಗಳ ಚಪ್ಪರಕ್ಕೆ ಹಬ್ಬುವ ಉದ್ದ ಕೋಡಿನ ತಳಿ, ಸಿ-152 ಕಾಳಿನದು.